ವಿಡಿಯೊ ಸ್ವಿಚ್‌ನಲ್ಲಿ ಈಗ ಯಾವ ಇನ್‌ಪುಟ್ ಆನ್ ಇದೆ? ರಾಸ್ಪ್‌ಬೆರಿ ಪೈನಿಂದ ಓದುವ ಸಮಗ್ರ ಮಾರ್ಗದರ್ಶಿ

ಮೂರೋ ಐದೋ ಇನ್‌ಪುಟ್ ಇರುವ ಎಚ್‌ಡಿಎಂಐ ಸ್ವಿಚ್ ಬಳಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಗೇಮ್ ಕನ್ಸೋಲ್‌ಗೆ ಬದಲಾಯಿಸಿದ ಕೂಡಲೇ ಆಂಪ್ಲಿಫೈಯರ್ ತಾನಾಗಿ ಆನ್ ಆಗಬೇಕು. ಲ್ಯಾಪ್‌ಟಾಪ್‌ಗೆ ಬಂದರೆ ಸ್ಕೇಲರ್ (ಚಿತ್ರದ ಅಳತೆ ಹೊಂದಿಸುವ ಪೆಟ್ಟಿಗೆ) ಬೇರೆ ಪ್ರೊಫೈಲ್ ಹಾಕಿಕೊಳ್ಳಬೇಕು, ಮೀಡಿಯಾ ಬಾಕ್ಸ್‌ಗೆ ಬಂದರೆ ಕೋಣೆಯ ದೀಪ ಮಂದವಾಗಬೇಕು. ಇಷ್ಟಕ್ಕೂ ಬೇಕಿರುವ ಮಾಹಿತಿ ಒಂದೇ: ಈ ಕ್ಷಣ ಯಾವ ಇನ್‌ಪುಟ್ ಓಡುತ್ತಿದೆ? ಸ್ವಿಚ್‌ಗೆ ಅದು ಗೊತ್ತು, ಪಕ್ಕದಲ್ಲೇ ಕೂತಿರುವ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ (ಇನ್ನು ಮುಂದೆ ಬರೀ ಪೈ) ಗೊತ್ತಿಲ್ಲ. ಅದಕ್ಕೆ ಗೊತ್ತು ಮಾಡಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಜಾಸ್ತಿ ಜನ ಮೊದಲು ಯೋಚಿಸುವುದು ರಿಮೋಟ್ ಬಗ್ಗೆ. ಪೈಗೆ ಒಂದು ಇನ್‌ಫ್ರಾರೆಡ್ ರಿಸೀವರ್ ಹಾಕಿ, ಯಾವ ಬಟನ್ ಒತ್ತಿದರು ಅಂತ ಕೇಳಿಸಿಕೊಂಡು, ಅದರಿಂದ ಇನ್‌ಪುಟ್ ಲೆಕ್ಕ ಹಾಕುವ ದಾರಿ ಅದು. ಈ ದಾರಿ ಬೇಡ. ಇಂಥ ಸ್ವಿಚ್‌ಗಳಲ್ಲಿ ಬಹಳಷ್ಟು ಆಟೊ ಸ್ವಿಚಿಂಗ್ ಮಾಡುತ್ತವೆ. ಕನ್ಸೋಲ್ ಆನ್ ಆದರೆ ಸಾಕು, ಅದರ ಕೇಬಲ್‌ನ 18ನೇ ಪಿನ್‌ನಲ್ಲಿ 5 ವೋಲ್ಟ್ ಬರುತ್ತದೆ, ಸ್ವಿಚ್ ತಾನೇ ಅತ್ತ ಹೊರಳುತ್ತದೆ. ಆಗ ಯಾರೂ ರಿಮೋಟ್ ಮುಟ್ಟಿರುವುದಿಲ್ಲ, ನಿಮ್ಮ ಲೆಕ್ಕ ತಪ್ಪಿರುತ್ತದೆ. ಸ್ವಿಚ್ ಮೇಲಿನ ಬಟನ್ ಒತ್ತಿದರೂ ಅಷ್ಟೇ, ಕರೆಂಟ್ ಹೋಗಿ ಬಂದರೂ ಅಷ್ಟೇ. ಒತ್ತಿದ್ದನ್ನು ಎಣಿಸಬೇಡಿ, ಇರುವ ಸ್ಥಿತಿಯನ್ನು ಓದಿ. ಆ ಸ್ಥಿತಿ ಎಲ್ಲಿ ಸಿಗುತ್ತದೆ ಅಂದರೆ, ಸ್ವಿಚ್‌ನ ಮುಂಭಾಗದಲ್ಲಿ ಉರಿಯುವ ಆ ಪುಟ್ಟ ಎಲ್‌ಇಡಿಯಲ್ಲಿ.

ನಿಮ್ಮ ಸ್ವಿಚ್ ಯಾವ ಜಾತಿಯದು ನೋಡಿಕೊಳ್ಳಿ

ಪೆಟ್ಟಿಗೆ ಬಿಚ್ಚುವ ಮೊದಲು ಹಿಂಭಾಗವನ್ನು ಒಮ್ಮೆ ಸರಿಯಾಗಿ ನೋಡಿ. ಅಲ್ಲಿ ಒಂಬತ್ತು ಪಿನ್‌ಗಳ ಸೀರಿಯಲ್ ಪೋರ್ಟ್, ಅಂದರೆ ಆರ್‌ಎಸ್-232, ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಸ್ವಿಚ್‌ನ ಕೈಪಿಡಿಯಲ್ಲಿ ಸ್ಥಿತಿ ಕೇಳುವ ಕಮಾಂಡ್ ಕೊಟ್ಟಿರುತ್ತಾರೆ. ಅದನ್ನು ಕಳಿಸಿದರೆ ಯಾವ ಇನ್‌ಪುಟ್ ಅಂತ ಅಕ್ಷರದಲ್ಲೇ ಉತ್ತರ ಬರುತ್ತದೆ. ಬಾಡ್ ರೇಟ್, ಅಂದರೆ ಮಾಹಿತಿ ಕಳಿಸುವ ವೇಗ, 9600, 19200 ಅಥವಾ 115200 ಇರಬಹುದು, ಅದನ್ನೂ ಕೈಪಿಡಿಯಲ್ಲೇ ನೋಡಿ. ಒಂದು ಎಚ್ಚರ ಮಾತ್ರ ಮರೆಯಬೇಡಿ: ಆರ್‌ಎಸ್-232 ಲೈನಿನಲ್ಲಿ ಪ್ಲಸ್ ಮತ್ತು ಮೈನಸ್ ಎರಡೂ ಕಡೆ 3ರಿಂದ 15 ವೋಲ್ಟ್‌ವರೆಗೆ ಓಡಾಡುತ್ತದೆ. ಇದನ್ನು ನೇರವಾಗಿ ಪೈ ಪಿನ್‌ಗೆ ಕೊಟ್ಟರೆ ಪೈ ಸುಟ್ಟು ಹೋಗುತ್ತದೆ. ಯುಎಸ್‌ಬಿಯಿಂದ ಆರ್‌ಎಸ್-232ಕ್ಕೆ ಬದಲಾಯಿಸುವ ಕೇಬಲ್ ಅಥವಾ ಮ್ಯಾಕ್ಸ್3232 ಚಿಪ್ ಇರುವ ಬೋರ್ಡ್ ಮಧ್ಯೆ ಇರಲೇಬೇಕು.

ಸ್ಟುಡಿಯೊದಲ್ಲಿ ಬಳಸುವ ವಿಡಿಯೊ ಸ್ವಿಚರ್ ಆದರೆ ಟ್ಯಾಲಿ ಔಟ್‌ಪುಟ್ ಇದೆಯಾ ನೋಡಿ. ಯಾವ ಕ್ಯಾಮೆರಾ ಆನ್ ಏರ್ ಇದೆ ಅಂತ ಕೆಂಪು ದೀಪ ಹೊತ್ತಿಸಲು ಇರುವ ಲೈನ್ ಅದು. ಹಲವು ಸ್ವಿಚರ್‌ಗಳಲ್ಲಿ ಇದು ಬರೀ ಕಾಂಟ್ಯಾಕ್ಟ್, ಅಂದರೆ ಒಳಗೆ ಒಂದು ಪುಟ್ಟ ರಿಲೇ ಮುಚ್ಚಿಕೊಳ್ಳುತ್ತದೆ ಅಷ್ಟೇ. ಅದರ ಒಂದು ತುದಿ ಪೈನ ಗ್ರೌಂಡ್‌ಗೆ, ಇನ್ನೊಂದು ತುದಿ ಪುಲ್-ಅಪ್ (ಏನೂ ಎಳೆಯದಿದ್ದಾಗ ಪಿನ್ನನ್ನು 3.3 ವೋಲ್ಟ್ ಕಡೆ ಹಿಡಿದಿಡುವ ರೆಸಿಸ್ಟರ್; ಗ್ರೌಂಡ್ ಕಡೆ ಹಿಡಿದಿಟ್ಟರೆ ಪುಲ್-ಡೌನ್) ಹಾಕಿದ ಇನ್‌ಪುಟ್ ಪಿನ್‌ಗೆ. ಇಷ್ಟು ಸುಲಭ ಬೇರೆ ಎಲ್ಲೂ ಸಿಗುವುದಿಲ್ಲ. ಪ್ರೋಗ್ರಾಮ್ ಟ್ಯಾಲಿ (ಈಗ ಆನ್ ಏರ್ ಇರುವುದು) ಯಾವುದು, ಪ್ರಿವ್ಯೂ ಟ್ಯಾಲಿ (ಮುಂದೆ ಬರಲಿರುವುದು) ಯಾವುದು ಅಂತ ಗೊಂದಲ ಮಾಡಿಕೊಳ್ಳಬೇಡಿ, ಸಾಕು.

ಇನ್ನು ಸಿಇಸಿ. ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್‌ನಲ್ಲಿ ಓಡುವ ನಿಧಾನದ ಕಂಟ್ರೋಲ್ ಲೈನ್ ಇದು, ಪೈ ಇದನ್ನು ಓದಬಲ್ಲದು. ಹಾಗಾದರೆ ಇದೇ ಸಾಕಲ್ವಾ ಅಂತ ಅನಿಸುವುದು ಸಹಜ. ಎವಿ ರಿಸೀವರ್ ಅಥವಾ ಟಿವಿಯೊಳಗಿನ ಇನ್‌ಪುಟ್‌ಗಳಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾಕೆಂದರೆ ಅಲ್ಲಿ ಒಂದೊಂದು ಪೋರ್ಟ್‌ಗೂ ಬೇರೆ ಬೇರೆ ಫಿಸಿಕಲ್ ಅಡ್ರೆಸ್ ಇರುತ್ತದೆ. ಸಾದಾ ಸ್ವಿಚ್‌ನಲ್ಲಿ ಹಾಗಲ್ಲ. ಅದು ಟಿವಿ ತನ್ನ ಬಗ್ಗೆ ಕೊಟ್ಟ ಇಡಿಐಡಿ ಮಾಹಿತಿಯನ್ನೇ ಎಲ್ಲ ಇನ್‌ಪುಟ್‌ಗಳಿಗೂ ದಾಟಿಸುತ್ತದೆ, ಅದರೊಳಗಿನ ಅಡ್ರೆಸ್ಸೂ ಎಲ್ಲಕ್ಕೂ ಒಂದೇ ಆಗಿಬಿಡುತ್ತದೆ. ಯಾವ ಇನ್‌ಪುಟ್ ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಸೀರಿಯಲ್ ಪೋರ್ಟೂ ಇಲ್ಲ, ಟ್ಯಾಲಿಯೂ ಇಲ್ಲ, ಬರೀ ಒಂದು ಬಟನ್, ಮೂರು ಎಲ್‌ಇಡಿ, 5 ವೋಲ್ಟ್ ಅಡಾಪ್ಟರ್: ನಿಮ್ಮದು ಇಂಥದ್ದಾದರೆ ಮುಂದಿನದ್ದೆಲ್ಲ ನಿಮಗಾಗಿ.

ಬಿಚ್ಚದೆ ಓದುವ ದಾರಿಯೂ ಇದೆ

ವಾರಂಟಿ ಇನ್ನೂ ಇದೆ, ಬೆಸುಗೆ ಹಾಕುವ ಅಭ್ಯಾಸ ಇಲ್ಲ ಅಂತಾದರೆ ಎಲ್‌ಇಡಿಯ ಬೆಳಕನ್ನೇ ಓದಿ. ಪ್ರತಿ ಎಲ್‌ಇಡಿ ಮುಂದೆ ಒಂದೊಂದು ಬೆಳಕಿನ ಸೆನ್ಸರ್, ಅಂದರೆ ಎಲ್‌ಡಿಆರ್ ಅಥವಾ ಫೋಟೊಟ್ರಾನ್ಸಿಸ್ಟರ್, ಕೂರಿಸಿ. ಪೈನಲ್ಲಿ ಅನಲಾಗ್ ಇನ್‌ಪುಟ್ ಇಲ್ಲ, ಅಂದರೆ ಅದು ಆನ್ ಅಥವಾ ಆಫ್ ಮಾತ್ರ ಓದುತ್ತದೆ. ಆದ್ದರಿಂದ ಎಲ್‌ಎಂ393 ಕಂಪ್ಯಾರೇಟರ್ ಇರುವ ಸಣ್ಣ ಲೈಟ್ ಸೆನ್ಸರ್ ಮಾಡ್ಯೂಲ್ ತೆಗೆದುಕೊಳ್ಳಿ. ಅದರ ಮೇಲಿನ ಸ್ಕ್ರೂ ತಿರುಗಿಸಿ ಎಷ್ಟು ಬೆಳಕಿಗೆ ಆನ್ ಆಗಬೇಕು ಅಂತ ಹೊಂದಿಸಬಹುದು. ಮಾಡ್ಯೂಲ್‌ಗೆ 3.3 ವೋಲ್ಟ್ ಮಾತ್ರ ಕೊಡಿ. 5 ಕೊಟ್ಟರೆ ಅದರ ಔಟ್‌ಪುಟ್ಟೂ 5 ವೋಲ್ಟ್ ಆಗುತ್ತದೆ, ಅದು ಪೈಗೆ ಆಗಿಬರುವುದಿಲ್ಲ.

ಇಲ್ಲಿ ಇಡೀ ಕೆಲಸ ನಿಂತಿರುವುದು ಹೊರಗಿನ ಬೆಳಕು ಒಳಗೆ ಬರದ ಹಾಗೆ ಮುಚ್ಚುವುದರ ಮೇಲೆ. ಸೆನ್ಸರ್ ಸುತ್ತ ಕಪ್ಪು ಹೀಟ್ ಶ್ರಿಂಕ್ ಟ್ಯೂಬಿನ ತುಂಡು ಹಾಕಿ, ಅದರ ಬಾಯಿ ಎಲ್‌ಇಡಿ ಕಿಂಡಿಗೆ ಅಂಟಿಕೊಳ್ಳುವ ಹಾಗೆ ಇಟ್ಟು, ಮೇಲೆ ಕಪ್ಪು ಟೇಪ್ ಸುತ್ತಿ. ಪಕ್ಕದ ಎಲ್‌ಇಡಿ ಉರಿದಾಗ ಈ ಸೆನ್ಸರ್ ಸುಮ್ನೆ ಇರಬೇಕು, ಅದನ್ನೇ ಪರೀಕ್ಷೆ ಮಾಡಿ ನೋಡಿ. ಎಲ್‌ಇಡಿಗಳ ನಡುವೆ ಅರ್ಧ ಸೆಂಟಿಮೀಟರ್ ಜಾಗವೂ ಇಲ್ಲದಿದ್ದರೆ ಈ ದಾರಿ ಬಿಟ್ಟುಬಿಡಿ. ಒಂದರ ಬೆಳಕು ಇನ್ನೊಂದಕ್ಕೆ ಸೋರುತ್ತಲೇ ಇರುತ್ತದೆ.

ನನ್ನ ಒಲವು ವೈರ್ ಕಡೆಗೇ. ಒಮ್ಮೆ ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಅದರ ಕಡೆ ನೋಡಬೇಕಾಗಿಲ್ಲ.

ಬಿಚ್ಚಿ, ಎಲ್‌ಇಡಿ ಲೈನನ್ನು ಪತ್ತೆ ಮಾಡಿ

ಅಡಾಪ್ಟರ್ ತೆಗೆಯಿರಿ, ಎಲ್ಲ ಎಚ್‌ಡಿಎಂಐ ಕೇಬಲ್‌ಗಳನ್ನೂ ತೆಗೆಯಿರಿ. ಬರೀ ಅಡಾಪ್ಟರ್ ತೆಗೆದರೆ ಸಾಲದು. ಬಹಳಷ್ಟು ಸ್ವಿಚ್‌ಗಳು ಎಚ್‌ಡಿಎಂಐ ಕೇಬಲ್‌ನಿಂದ ಬರುವ 5 ವೋಲ್ಟ್‌ನಲ್ಲೇ ಜೀವ ಹಿಡಿದುಕೊಂಡಿರುತ್ತವೆ. ಸ್ವಿಚ್ ಗೋಡೆಯ ಕರೆಂಟನ್ನು ನೇರವಾಗಿ ತೆಗೆದುಕೊಳ್ಳುವ ಜಾತಿಯದ್ದಾದರೆ, ಅಂದರೆ ಪವರ್ ಸಪ್ಲೈ ಪೆಟ್ಟಿಗೆಯ ಒಳಗೇ ಇದ್ದರೆ, ಬಿಚ್ಚಬೇಡಿ. ಬೆಳಕಿನ ದಾರಿ ಹಿಡಿಯಿರಿ.

ಬೋರ್ಡ್ ಹೊರಬಂದ ಮೇಲೆ ಎಲ್‌ಇಡಿಗಳನ್ನು ಹುಡುಕಿ. ಪ್ರತಿ ಎಲ್‌ಇಡಿ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ರೆಸಿಸ್ಟರ್ ಇರುತ್ತದೆ, ಮೇಲೆ 331, 471 ಅಥವಾ 102 ಅಂತ ಬರೆದಿರಬಹುದು. 331 ಅಂದರೆ 330 ಓಮ್, 471 ಅಂದರೆ 470 ಓಮ್, 102 ಅಂದರೆ 1 ಕಿಲೋ ಓಮ್. ಎಲ್‌ಇಡಿಗೆ ಎರಡು ಕಾಲು: ಒಂದು ಕಾಲಿನಿಂದ ಲೈನ್ ಹೋಗಿ ಚಿಪ್ ಸೇರುತ್ತದೆ, ಇನ್ನೊಂದು ಗ್ರೌಂಡ್‌ಗೋ ಪ್ಲಸ್‌ಗೋ ಹೋಗುತ್ತದೆ. ರೆಸಿಸ್ಟರ್ ಇದರಲ್ಲಿ ಯಾವ ಕಡೆ ಬೇಕಾದರೂ ಇರಬಹುದು.

ಇಲ್ಲಿ ಸ್ವಲ್ಪ ನಿಧಾನಿಸೋಣ, ಬಹಳಷ್ಟು ಪ್ರಾಜೆಕ್ಟ್‌ಗಳು ಮಧ್ಯೆ ಮಧ್ಯೆ ಕೈಕೊಡುವುದಕ್ಕೆ ಕಾರಣ ಇಲ್ಲೇ ಇದೆ. ಎಲ್‌ಇಡಿ ಉರಿಯುವಾಗ ಅದರ ಎರಡು ಕಾಲುಗಳ ನಡುವೆ ಪೂರ್ತಿ ವೋಲ್ಟೇಜ್ ಇರುವುದಿಲ್ಲ. ಕೆಂಪು ಎಲ್‌ಇಡಿ ಆದರೆ ಸುಮಾರು 1.8ರಿಂದ 2 ವೋಲ್ಟ್, ನೀಲಿ ಅಥವಾ ಬಿಳಿ ಆದರೆ 3ರ ಆಸುಪಾಸು. ಉಳಿದದ್ದು ರೆಸಿಸ್ಟರ್ ಮೇಲೆ ಬೀಳುತ್ತದೆ. ಪೈ ವಿಷಯಕ್ಕೆ ಬಂದರೆ, ಪೈ 4ರಲ್ಲಿ 0.8 ವೋಲ್ಟ್‌ಗಿಂತ ಕೆಳಗಿದ್ದರೆ ಸೊನ್ನೆ, 2.0ಕ್ಕಿಂತ ಮೇಲಿದ್ದರೆ ಒಂದು. ನಡುವಿನದ್ದಕ್ಕೆ ಗ್ಯಾರಂಟಿ ಇಲ್ಲ. ಈಗ ಕೆಂಪು ಎಲ್‌ಇಡಿಯ ಕಾಲಿಗೇ ವೈರ್ ಹಾಕಿ 1.8 ವೋಲ್ಟ್ ತಂದರೆ ಏನಾಗುತ್ತದೆ? ಟೇಬಲ್ ಮೇಲೆ ಓದುತ್ತದೆ, ಒಂದು ವಾರ ಚೆನ್ನಾಗಿಯೂ ಇರುತ್ತದೆ, ಆಮೇಲೆ ಒಂದು ದಿನ ಸುಮ್ಮನಾಗಿಬಿಡುತ್ತದೆ.

ಆದ್ದರಿಂದ ವೈರ್ ತೆಗೆಯಬೇಕಾದ ಜಾಗ ಚಿಪ್‌ನ ಕಡೆಯದು. ಚಿಪ್, ಆಮೇಲೆ ರೆಸಿಸ್ಟರ್, ಆಮೇಲೆ ಎಲ್‌ಇಡಿ, ಕೊನೆಗೆ ಗ್ರೌಂಡ್ ಅಂತ ಇದ್ದರೆ ರೆಸಿಸ್ಟರ್‌ನ ಚಿಪ್ ಕಡೆಯ ತುದಿಗೆ ಬೆಸುಗೆ ಹಾಕಿ. ಅಲ್ಲಿ 0 ಇಲ್ಲವೇ ಪೂರ್ತಿ 3.3 ಅಥವಾ 5, ನಡುವೆ ಏನೂ ಇಲ್ಲ. ಚಿಪ್ ಆದ ಮೇಲೆ ನೇರ ಎಲ್‌ಇಡಿಯೇ ಇದ್ದು ರೆಸಿಸ್ಟರ್ ಆಚೆ ಕಡೆ ಇದ್ದರೆ ಎಲ್‌ಇಡಿಯ ಚಿಪ್ ಕಡೆಯ ಕಾಲೇ ಸರಿಯಾದ ಜಾಗ.

ಅಳತೆ ಮಾಡಿ, ಬರೆದಿಟ್ಟುಕೊಳ್ಳಿ

ಈಗ ಬೋರ್ಡ್‌ಗೆ ಮತ್ತೆ ಪವರ್ ಕೊಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬನ್ನು ಗ್ರೌಂಡ್‌ಗೆ ಹಿಡಿಯಿರಿ. ಎಚ್‌ಡಿಎಂಐ ಸಾಕೆಟ್‌ನ ಲೋಹದ ಕವಚ ಸಾಮಾನ್ಯವಾಗಿ ಗ್ರೌಂಡೇ ಆಗಿರುತ್ತದೆ. ಪವರ್ ಇಲ್ಲದಿದ್ದಾಗ ಒಮ್ಮೆ ಅದಕ್ಕೂ ಅಡಾಪ್ಟರ್ ಜ್ಯಾಕ್‌ನ ಮೈನಸ್‌ಗೂ ಬೀಪ್ ಆಗುತ್ತದಾ ನೋಡಿಕೊಂಡಿದ್ದರೆ ಒಳ್ಳೆಯದು. ಕೆಂಪು ಪ್ರೋಬನ್ನು ನೀವು ಆರಿಸಿದ ಜಾಗಕ್ಕೆ ಮುಟ್ಟಿಸಿ. ಪಕ್ಕದ ಪಿನ್‌ಗೆ ಜಾರದ ಹಾಗೆ ಕೈ ಗಟ್ಟಿ ಇರಲಿ.

ಒಂದೊಂದು ಎಲ್‌ಇಡಿಗೂ ಎರಡು ಅಂಕಿ ಬರೆಯಿರಿ, ಉರಿಯುವಾಗ ಎಷ್ಟು, ಆರಿದಾಗ ಎಷ್ಟು. ಇದರಿಂದಲೇ ಎಲ್ಲ ಗೊತ್ತಾಗುತ್ತದೆ. ಉರಿಯುವಾಗ 3.3, ಆರಿದಾಗ 0 ಬಂದರೆ ನೇರ ಲಾಜಿಕ್, ಅದೃಷ್ಟ ನಿಮ್ಮ ಕಡೆ ಇದೆ. ಉರಿಯುವಾಗ 5, ಆರಿದಾಗ 0 ಬಂದರೆ ವೋಲ್ಟೇಜ್ ಇಳಿಸಬೇಕು. ಉರಿಯುವಾಗ ಸೊನ್ನೆ ಹತ್ತಿರ, ಆರಿದಾಗ ಮೇಲೆ ಬಂದರೆ ಉಲ್ಟಾ ಲಾಜಿಕ್: ಚಿಪ್ ಎಲ್‌ಇಡಿಯನ್ನು ಗ್ರೌಂಡ್‌ಗೆ ಎಳೆದು ಉರಿಸುತ್ತಿದೆ ಅಂತ ಅರ್ಥ. ಈ ಉಲ್ಟಾದಲ್ಲಿ ಆರಿದಾಗಿನ ಅಂಕಿಯನ್ನು ಸರಿಯಾಗಿ ನೋಡಿ. ಪೂರ್ತಿ 3.3 ಅಥವಾ 5 ಬರದೆ ಅದಕ್ಕಿಂತ ಒಂದು, ಒಂದೂವರೆ ವೋಲ್ಟ್ ಕಡಿಮೆ ಬಂದರೆ ಚಿಪ್‌ನ ಪಿನ್ ಓಪನ್ ಡ್ರೇನ್ ಇರಬೇಕು. ಅಂದರೆ ಅದು ಕೆಳಗೆ ಎಳೆಯುತ್ತದೆ, ಮೇಲಕ್ಕೆ ತಳ್ಳುವುದಿಲ್ಲ.

ಉರಿಯುವಾಗ ಅರ್ಥವಿಲ್ಲದ ಮಧ್ಯದ ಅಂಕಿ ಬಂದರೆ, ಉದಾಹರಣೆಗೆ 1.65, ಎಲ್‌ಇಡಿ ತುಂಬ ವೇಗವಾಗಿ ಆನ್ ಆಫ್ ಆಗುತ್ತಿರಬಹುದು. ಬೆಳಕು ಕಡಿಮೆ ಮಾಡಲು ಹೀಗೆ ಆನ್ ಆಫ್ ಮಾಡುವುದನ್ನೇ ಪಿಡಬ್ಲ್ಯುಎಂ ಅನ್ನುತ್ತಾರೆ. ಮೀಟರ್ ತೋರಿಸುವುದು ಸರಾಸರಿ: 3.3 ವೋಲ್ಟ್ ಅರ್ಧ ಸಮಯ ಮಾತ್ರ ಇದ್ದರೆ 1.65. ಕತ್ತಲಲ್ಲಿ ಬೋರ್ಡನ್ನು ಅತ್ತಿತ್ತ ಆಡಿಸಿ ನೋಡಿ. ಬೆಳಕು ಒಂದೇ ಗೆರೆಯಾಗಿ ಕಾಣದೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದೇ. ಇದಕ್ಕೆ ಪ್ರೋಗ್ರಾಮಿನಲ್ಲಿ ಪರಿಹಾರ ಇದೆ, ಮುಂದೆ ಹೇಳುತ್ತೇನೆ.

ಸರ್ಕ್ಯೂಟ್: ಮೂರರಲ್ಲಿ ಒಂದು

ಪೈನ ಜಿಪಿಐಒ ಪಿನ್‌ಗಳು, ಅಂದರೆ ಹೊರಗಿನ ಸಿಗ್ನಲ್ ಜೋಡಿಸುವ ಪಿನ್‌ಗಳು, 3.3 ವೋಲ್ಟ್‌ನವು. 5 ವೋಲ್ಟ್ ತಡೆದುಕೊಳ್ಳುವ ಶಕ್ತಿ ಅವಕ್ಕಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದ್ದು ಓದಿ.

3.3 ವೋಲ್ಟ್ ಲೈನ್ ಆದರೆ ಪ್ರತಿ ಲೈನಿಗೂ ಒಂದು 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ ನೇರವಾಗಿ ಪೈಗೆ ಕೊಡಿ. ವೋಲ್ಟೇಜ್ ಸರಿ ಇರುವಾಗ ರೆಸಿಸ್ಟರ್ ಯಾಕೆ ಅಂತ ಕೇಳಬಹುದು. ಪೈ ಆಫ್ ಆಗಿ ಸ್ವಿಚ್ ಆನ್ ಇರುವ ಹೊತ್ತನ್ನು ಯೋಚಿಸಿ: ಸ್ವಿಚ್‌ನಿಂದ ಕರೆಂಟ್ ಪೈನ ಪಿನ್ ಒಳಗಿನ ರಕ್ಷಣಾ ಡಯೋಡ್ ಮೂಲಕ ನುಗ್ಗಿ ಇಡೀ ಪೈಯನ್ನು ಅರೆಜೀವ ಮಾಡಲು ನೋಡುತ್ತದೆ. ರೆಸಿಸ್ಟರ್ ಇದ್ದರೆ ಅದು ಅರ್ಧ ಮಿಲಿಆಂಪ್ ಸುತ್ತಮುತ್ತಲೇ ನಿಲ್ಲುತ್ತದೆ. 4.7 ಕಿಲೋನೇ ಯಾಕೆ? ಪೈ ಒಳಗಿನ ಪುಲ್ ರೆಸಿಸ್ಟರ್ ಸುಮಾರು 50 ಕಿಲೋ. ನೀವು 47 ಕಿಲೋ ಹಾಕಿ ಪುಲ್-ಡೌನ್ ಆನ್ ಮಾಡಿದರೆ 3.3 ವೋಲ್ಟ್ ಅರ್ಧಕ್ಕೆ ಇಳಿದು 1.7 ಆಗುತ್ತದೆ, ಮತ್ತೆ ಅದೇ ಗ್ಯಾರಂಟಿ ಇಲ್ಲದ ಜಾಗ. 4.7 ಹಾಕಿದರೆ 3 ವೋಲ್ಟ್ ಉಳಿಯುತ್ತದೆ. ನೇರ ಲಾಜಿಕ್‌ಗೆ ಪುಲ್-ಡೌನ್, ಉಲ್ಟಾ ಲಾಜಿಕ್‌ಗೆ ಪುಲ್-ಅಪ್ ಆರಿಸಿ. ಓಪನ್ ಡ್ರೇನ್ ಪಿನ್‌ಗೆ ಪುಲ್-ಅಪ್ ಬೇಕೇ ಬೇಕು.

5 ವೋಲ್ಟ್ ನೇರ ಲಾಜಿಕ್ ಆದರೆ ವೋಲ್ಟೇಜನ್ನು ಹಂಚಿ ಇಳಿಸುವ ಎರಡು ರೆಸಿಸ್ಟರ್‌ಗಳ ಡಿವೈಡರ್ ಸಾಕು. ಸ್ವಿಚ್ ಲೈನಿನಿಂದ ಪೈ ಪಿನ್‌ಗೆ 10 ಕಿಲೋ, ಪೈ ಪಿನ್‌ನಿಂದ ಗ್ರೌಂಡ್‌ಗೆ 15 ಕಿಲೋ. 5 ವೋಲ್ಟ್ ಬಂದರೆ ಪೈಗೆ ಸಿಗುವುದು ಸರಿಯಾಗಿ 3. ಚಿಪ್ ಮೇಲೆ ಬೀಳುವ ಭಾರ 0.2 ಮಿಲಿಆಂಪ್, ಎಲ್‌ಇಡಿ ಬೆಳಕಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ಒಂದು ಮಾತು: ಅಳೆಯದೆ, ಎಲ್ಲಕ್ಕೂ ಇರಲಿ ಅಂತ ಡಿವೈಡರ್ ಹಾಕುವ ಅಭ್ಯಾಸ ಬೇಡ. 3.3 ವೋಲ್ಟ್ ಲೈನಿಗೆ ಇದೇ ಡಿವೈಡರ್ ಹಾಕಿದರೆ 1.98 ವೋಲ್ಟ್ ಬರುತ್ತದೆ. ಪೈ 4ಕ್ಕೆ ಬೇಕಿರುವ 2.0ಕ್ಕೆ ಕೂದಲೆಳೆಯಷ್ಟು ಕಮ್ಮಿ.

5 ವೋಲ್ಟ್ ಉಲ್ಟಾ ಲಾಜಿಕ್, ಅದರಲ್ಲೂ ಓಪನ್ ಡ್ರೇನ್ ಆದರೆ ಡಿವೈಡರ್ ಕೆಲಸಕ್ಕೆ ಬಾರದು. ಚಿಪ್ ಬಿಟ್ಟುಕೊಟ್ಟಾಗ ಎಲ್‌ಇಡಿ ಮೂಲಕ, ನಿಮ್ಮ ಡಿವೈಡರ್ ಮೂಲಕ ಗ್ರೌಂಡ್‌ಗೆ ಒಂದು ದಾರಿ ಸಿಗುತ್ತದೆ. 0.1 ಮಿಲಿಆಂಪ್‌ಗಿಂತ ಸ್ವಲ್ಪ ಜಾಸ್ತಿ ಹರಿಯುತ್ತದೆ, ಈಗಿನ ಎಲ್‌ಇಡಿಗಳು ಅಷ್ಟಕ್ಕೇ ಮಿಣಮಿಣ ಅನ್ನುತ್ತವೆ. ಆರಬೇಕಾದ ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ಕಾರಣ ಇದೇ. ಇಲ್ಲಿಗೆ ಆಪ್ಟೊಕಪ್ಲರ್, ಅಂದರೆ ಒಳಗಿನ ಎಲ್‌ಇಡಿಯ ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್, ಸರಿ. ಪಿಸಿ817 ಎಲ್ಲ ಕಡೆ ಸಿಗುತ್ತದೆ, ನಾಲ್ಕೇ ಕಾಲು, ಮೂಲೆಯಲ್ಲಿ ಚುಕ್ಕಿ ಇರುವುದು 1ನೇ ಕಾಲು. 1ನೇ ಕಾಲನ್ನು 1 ಕಿಲೋ ರೆಸಿಸ್ಟರ್ ಮೂಲಕ ಸ್ವಿಚ್‌ನ 5 ವೋಲ್ಟ್‌ಗೆ, 2ನೇ ಕಾಲನ್ನು ಚಿಪ್ ಲೈನಿಗೆ, 3ನೇ ಕಾಲನ್ನು ಪೈನ ಗ್ರೌಂಡ್‌ಗೆ, 4ನೇ ಕಾಲನ್ನು ಪೈನ ಇನ್‌ಪುಟ್ ಪಿನ್‌ಗೆ ಕೊಟ್ಟು ಒಳಗಿನ ಪುಲ್-ಅಪ್ ಆನ್ ಮಾಡಿ. ಎಲ್‌ಇಡಿ ಉರಿದಾಗ ಪೈ ಪಿನ್ ಸೊನ್ನೆಗೆ ಇಳಿಯುತ್ತದೆ.

ಆಪ್ಟೊಕಪ್ಲರ್‌ಗೆ ಅದರದ್ದೇ ರೆಸಿಸ್ಟರ್ ಬೇಕು ಅನ್ನುವುದನ್ನು ಮರೆಯಬೇಡಿ. ಸ್ವಿಚ್‌ನ ಎಲ್‌ಇಡಿಗೆ ನೇರ ಸಮಾನಾಂತರವಾಗಿ ಅದನ್ನು ಹಾಕಿದರೆ ಎಲ್‌ಇಡಿ ಆರಿಯೇ ಹೋಗುತ್ತದೆ. ಯಾಕೆಂದರೆ ಆಪ್ಟೊಕಪ್ಲರ್ ಒಳಗಿನ ಎಲ್‌ಇಡಿಗೆ 1.2 ವೋಲ್ಟ್ ಸಾಕು, ಕರೆಂಟೆಲ್ಲ ಅದೇ ನುಂಗಿಬಿಡುತ್ತದೆ.

ವೈರ್ ಮತ್ತು ಬೆಸುಗೆ

ದಪ್ಪ ವೈರ್ ಬೇಡ. 30 ಗೇಜಿನ ಸಣ್ಣ ವೈರ್ ತೆಗೆದುಕೊಳ್ಳಿ. ದಪ್ಪದ್ದಾದರೆ ಒಂದು ಸಣ್ಣ ಎಳೆತಕ್ಕೆ ಬೋರ್ಡಿನ ತಾಮ್ರದ ಪ್ಯಾಡೇ ಕಿತ್ತು ಬರುತ್ತದೆ. ಮೊದಲು ವೈರ್ ತುದಿಗೆ ಸೋಲ್ಡರ್ ಹಚ್ಚಿ, ಪ್ಯಾಡ್ ಮೇಲೆ ಒಂದು ಹನಿ ಫ್ಲಕ್ಸ್ ಹಾಕಿ, ಕಾದ ತುದಿಯನ್ನು ಒಂದೆರಡು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಅದಾದ ಮೇಲೆ ಒಂದು ಸೆಂಟಿಮೀಟರ್ ದೂರದಲ್ಲಿ ವೈರ್ ಮೇಲೆ ಹಾಟ್ ಗ್ಲೂ ಹಾಕಿ ಬೋರ್ಡ್‌ಗೆ ಅಂಟಿಸಿ. ಎಳೆತ ಬಂದರೆ ಗ್ಲೂ ಮೇಲೆ ಬೀಳಲಿ, ಬೆಸುಗೆ ಮೇಲೆ ಬೇಡ.

ಎಚ್‌ಡಿಎಂಐ ಸಾಕೆಟ್‌ನಿಂದ ಚಿಪ್‌ಗೆ ಜೋಡಿ ಜೋಡಿಯಾಗಿ ಹೋಗುವ ಲೈನ್‌ಗಳ ಹತ್ತಿರ ನಿಮ್ಮ ವೈರ್ ಸುಳಿಯಬಾರದು. ಚಿತ್ರ ಹೋಗುವುದು ಅವುಗಳಲ್ಲಿ, ಪಕ್ಕದಲ್ಲಿ ಒಂದು ವೈರ್ ಮಲಗಿದರೂ ಸಿಗ್ನಲ್ ಕೆಡಬಹುದು. ನಮ್ಮ ಎಲ್‌ಇಡಿ ಲೈನ್ ಮಾತ್ರ ತುಂಬ ನಿಧಾನದ್ದು, ಹೊರಗೆ ಒಂದು ಮೀಟರ್ ಉದ್ದ ಎಳೆದರೂ ತೊಂದರೆ ಇಲ್ಲ.

ರೆಸಿಸ್ಟರ್‌ಗಳನ್ನು ಸ್ವಿಚ್ ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಬರುವ ವೈರ್ ಎಲ್ಲಾದರೂ ಶಾರ್ಟ್ ಆದರೂ ಸ್ವಿಚ್‌ಗೆ ಏನೂ ಆಗುವುದಿಲ್ಲ.

ಪೈ ಕಡೆ 17, 27, 22ನೇ ಜಿಪಿಐಒಗಳನ್ನು ತೆಗೆದುಕೊಳ್ಳಿ. ಹೆಡರ್ ಮೇಲೆ ಇವು 11, 13, 15ನೇ ಪಿನ್‌ಗಳು, ಒಂದೇ ಸಾಲಿನಲ್ಲಿ ಪಕ್ಕಪಕ್ಕ ಇವೆ. ಅದೇ ಸಾಲಿನ 9ನೇ ಪಿನ್ ಗ್ರೌಂಡ್. ಐದು ಇನ್‌ಪುಟ್ ಆದರೆ 16 ಮತ್ತು 18ನೇ ಪಿನ್, ಅಂದರೆ 23 ಮತ್ತು 24ನೇ ಜಿಪಿಐಒ, ಸೇರಿಸಿಕೊಳ್ಳಿ. 2 ಮತ್ತು 3ನೇ ಜಿಪಿಐಒ ಬೇಡ, ಅವುಗಳ ಮೇಲೆ ಬೋರ್ಡಿನಲ್ಲೇ 1.8 ಕಿಲೋ ಪುಲ್-ಅಪ್ ಇದೆ, ತೆಗೆಯಲು ಬರುವುದಿಲ್ಲ. ಡಿವೈಡರ್ ಅಥವಾ ನೇರ ವೈರ್ ಬಳಸಿದವರು ಸ್ವಿಚ್‌ನ ಗ್ರೌಂಡನ್ನು ಪೈನ ಗ್ರೌಂಡ್‌ಗೆ ಸೇರಿಸಲೇಬೇಕು. ಗ್ರೌಂಡ್ ಮೊದಲು, ಸಿಗ್ನಲ್ ಆಮೇಲೆ. ಪೈಗೆ ಜೋಡಿಸುವ ಮುನ್ನ ಪ್ರತಿ ವೈರಿನ ತುದಿಯಲ್ಲಿ ಇನ್ನೊಮ್ಮೆ ಮೀಟರ್ ಹಿಡಿದು, 3.3ಕ್ಕಿಂತ ಜಾಸ್ತಿ ಎಲ್ಲೂ ಇಲ್ಲ ಅಂತ ನೋಡಿ. ಆಪ್ಟೊಕಪ್ಲರ್ ಹಾಕಿದವರಿಗೆ ಪೈಗೆ ಜೋಡಿಸುವ ತನಕ ಅಲ್ಲಿ ಏನೂ ಕಾಣುವುದಿಲ್ಲ, ಅದು ಸರಿಯೇ.

ಪ್ರೋಗ್ರಾಮ್ ಬರೆಯುವ ಮುಂಚೆ ಬರಿಗಣ್ಣಿನಲ್ಲಿ ನೋಡಿ

ರಾಸ್ಪ್‌ಬೆರಿ ಪೈ ಒಎಸ್‌ನಲ್ಲಿ ಪಿನ್‌ಕಂಟ್ರೋಲ್ (pinctrl) ಅನ್ನುವ ಸಣ್ಣ ಕಮಾಂಡ್ ಇದೆ, ಪ್ರತಿ ಪಿನ್‌ನ ಸ್ಥಿತಿಯನ್ನು ಹೈ ಅಥವಾ ಲೋ ಅಂತ ತೋರಿಸುತ್ತದೆ. ಲಿಬ್‌ಜಿಪಿಐಒಡಿ (libgpiod) ಜೊತೆ ಬರುವ ಜಿಪಿಐಒಗೆಟ್ (gpioget), ಜಿಪಿಐಒಮಾನ್ (gpiomon) ಕಮಾಂಡ್‌ಗಳೂ ಇದೇ ಕೆಲಸಕ್ಕೆ ಆಗುತ್ತವೆ. ಎರಡನೆಯದು ಬದಲಾವಣೆ ಆದಾಗಲೆಲ್ಲ ಒಂದು ಸಾಲು ಅಚ್ಚು ಹಾಕುತ್ತದೆ. ಸ್ವಿಚ್‌ನ ಬಟನ್ ಒತ್ತುತ್ತಾ ಹೋಗಿ. ಎಲ್‌ಇಡಿ ಎಲ್ಲಿಗೆ ಹೋಯಿತೋ ಅದೇ ಪಿನ್ ಬದಲಾಗಬೇಕು, ಉಳಿದವು ಕದಲಬಾರದು. ಇಷ್ಟಾಗದೆ ಪೈಥಾನ್ ಕಡೆ ಹೋಗಬೇಡಿ. ವೈರಿಂಗ್ ತಪ್ಪನ್ನು ಪ್ರೋಗ್ರಾಮಿನೊಳಗೆ ಹುಡುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಪೈಥಾನ್‌ನಲ್ಲಿ ಜಿಪಿಐಒ ಜೀರೋ (gpiozero) ಲೈಬ್ರರಿ ಬಳಸಿ. ಹಳೆಯ ಆರ್‌ಪಿಐ ಜಿಪಿಐಒ (RPi.GPIO) ಲೈಬ್ರರಿ ಪೈ 5ರಲ್ಲಿ ಕೆಲಸ ಮಾಡುವುದಿಲ್ಲ, ಅಲ್ಲಿ ಪಿನ್‌ಗಳನ್ನು ನೋಡಿಕೊಳ್ಳುವುದು ಆರ್‌ಪಿ1 ಅನ್ನುವ ಬೇರೆಯೇ ಚಿಪ್.

ಪ್ರೋಗ್ರಾಮಿನ ತರ್ಕ

ಪ್ರತಿ ಪಿನ್ನನ್ನೂ ಡಿಜಿಟಲ್ ಇನ್‌ಪುಟ್ ಡಿವೈಸ್ (DigitalInputDevice) ಅಂತ ತೆರೆಯಿರಿ. ಪುಲ್-ಅಪ್ ಹಾಕಿದರೆ ಲೈಬ್ರರಿ ತಾನೇ ಉಲ್ಟಾ ಲಾಜಿಕ್ ಅಂತ ತಿಳಿದುಕೊಂಡು ಸೊನ್ನೆಯನ್ನು ಆನ್ ಅಂತ ಓದುತ್ತದೆ, ನಮಗೂ ಬೇಕಿರುವುದು ಅದೇ. ಪುಲ್-ಡೌನ್ ಹಾಕಿದರೆ ನೇರ. ಡಿವೈಡರ್ ಬಳಸಿದ್ದರೆ ಪುಲ್ ಎರಡೂ ಬೇಡ ಅಂತ ಹೇಳಿ, ಆಕ್ಟಿವ್ ಸ್ಥಿತಿ ಯಾವುದು ಅಂತ ಕೈಯಾರೆ ಕೊಡಬೇಕು, ಇಲ್ಲದಿದ್ದರೆ ಲೈಬ್ರರಿ ದೂರು ಹೇಳಿ ನಿಂತುಬಿಡುತ್ತದೆ.

ಮೂರು ಪಿನ್‌ಗಳನ್ನು ಸೇರಿಸಿ ಒಂದೇ ಸಂಖ್ಯೆ ಮಾಡಿ. ಮೊದಲನೆಯದು ಆನ್ ಇದ್ದರೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ಎಲ್ಲ ಕೂಡಿ. ಸರಿಯಾದ ಉತ್ತರಗಳು ಮೂರೇ: 1, 2, 4. ಉಳಿದವಕ್ಕೂ ಒಂದೊಂದು ಅರ್ಥ ಇದೆ. 0 ಬಂದರೆ ಸ್ವಿಚ್‌ಗೆ ಪವರ್ ಇಲ್ಲ ಅಥವಾ ಅದು ಮಲಗಿದೆ. 3, 5, 6, 7 ಬಂದರೆ ಒಂದಕ್ಕಿಂತ ಹೆಚ್ಚು ಎಲ್‌ಇಡಿ ಒಟ್ಟಿಗೆ ಕಂಡಿವೆ ಅಂತ, ಅಂದರೆ ಬದಲಾವಣೆಯ ನಡುವೆ ಓದಿದ್ದೀರಿ, ಅಥವಾ ಎಲ್ಲೋ ಶಾರ್ಟ್ ಆಗಿದೆ. ಇಂಥದ್ದನ್ನು ಒಂದು ಇನ್‌ಪುಟ್ ಅಂತ ಊಹಿಸಲು ಹೋಗಬೇಡಿ. ಹಳೆಯ ಉತ್ತರವನ್ನೇ ಇಟ್ಟುಕೊಂಡು ಮತ್ತೆ ಓದಿ.

ಬದಲಾದ ತಕ್ಷಣ ನಂಬಬೇಡಿ ಅನ್ನುವುದು ಮುಂದಿನ ಮಾತು. ಪ್ರತಿ 50 ಮಿಲಿಸೆಕೆಂಡ್‌ಗೆ ಒಮ್ಮೆ ಓದಿ, ಅದೇ ಸಂಖ್ಯೆ ಸತತವಾಗಿ 300 ಮಿಲಿಸೆಕೆಂಡ್ ನಿಂತರೆ ಮಾತ್ರ ಒಪ್ಪಿಕೊಳ್ಳಿ. ಬಟನ್ ಒತ್ತುತ್ತಾ ಒಂದರಿಂದ ಮೂರಕ್ಕೆ ಹೋಗುವವರು ಎರಡರ ಮೇಲೆ ಹಾದು ಹೋಗುತ್ತಾರೆ, ಅಷ್ಟಕ್ಕೆಲ್ಲ ಆಂಪ್ಲಿಫೈಯರ್ ಕುಣಿಯಬಾರದು. ನಿಮ್ಮ ಮನೆಯವರು ನಿಧಾನವಾಗಿ ಒತ್ತುವವರಾದರೆ ಇದನ್ನು ಒಂದು ಸೆಕೆಂಡ್‌ಗೆ ಏರಿಸಿ, ತಪ್ಪೇನಿಲ್ಲ. ಸೊನ್ನೆಗೆ ಮಾತ್ರ ಇನ್ನೂ ಜಾಸ್ತಿ ತಾಳ್ಮೆ ಬೇಕು, ಮೂರ್ನಾಲ್ಕು ಸೆಕೆಂಡ್ ಆದರೂ ಕಾಯಿರಿ. ಕೆಲವು ಸ್ವಿಚ್‌ಗಳು ಸಿಗ್ನಲ್ ಇಲ್ಲದಾಗ ಎಲ್‌ಇಡಿಯನ್ನು ಮಿಟುಕಿಸುತ್ತವೆ, ಆ ಮಿಟುಕನ್ನು ಆಫ್ ಅಂತ ಓದಿದರೆ ಎಲ್ಲ ಗಲಿಬಿಲಿ.

ಪಿಡಬ್ಲ್ಯುಎಂ ಎಲ್‌ಇಡಿ ಇದ್ದವರು 50 ಮಿಲಿಸೆಕೆಂಡ್‌ಗೆ ಒಂದು ಸಲದ ಬದಲು ಅಷ್ಟರೊಳಗೆ ಇಪ್ಪತ್ತು ಮೂವತ್ತು ಸಲ ಓದಿ. ಒಂದು ಸಲ ಆನ್ ಕಂಡರೂ ಆ ಎಲ್‌ಇಡಿ ಆನ್ ಅಂತಲೇ ಲೆಕ್ಕ. ಆರಿದ ಎಲ್‌ಇಡಿ ಒಮ್ಮೆಯೂ ಆನ್ ಕಾಣುವುದಿಲ್ಲ, ಹಾಗಾಗಿ ಇದು ಕೈಕೊಡುವುದಿಲ್ಲ.

ಬದಲಾವಣೆ ಬಂದಾಗ ಓಡುವ ಇಂಟರಪ್ಟ್ ಬಳಸಬಹುದಲ್ಲ, ಸುಮ್ನೆ ಯಾಕೆ ಓದುತ್ತಾ ಕೂರಬೇಕು ಅಂತ ಕೆಲವರು ವಾದಿಸುತ್ತಾರೆ. ಸೆಕೆಂಡಿಗೆ 20 ಸಲ ಮೂರು ಪಿನ್ ಓದುವುದು ಪೈಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಇಂಟರಪ್ಟ್‌ನಲ್ಲಿ ಒಂದು ಎಡ್ಜ್, ಅಂದರೆ ಸೊನ್ನೆ ಒಂದಾಗುವ ಅಥವಾ ಒಂದು ಸೊನ್ನೆಯಾಗುವ ಕ್ಷಣ, ತಪ್ಪಿಹೋದರೆ ಮುಂದಿನ ಬದಲಾವಣೆವರೆಗೂ ನಿಮ್ಮ ಉತ್ತರ ತಪ್ಪಾಗಿಯೇ ಇರುತ್ತದೆ. ಓದುತ್ತಾ ಇದ್ದರೆ ತಪ್ಪು ಅರ್ಧ ಸೆಕೆಂಡಿನೊಳಗೆ ತಾನೇ ಸರಿಹೋಗುತ್ತದೆ. ಪೈ ಆಗಷ್ಟೇ ಆನ್ ಆದಾಗಲೂ ಅಷ್ಟೇ, ಮೊದಲ ಓದಿನಲ್ಲೇ ಈಗಿನ ಇನ್‌ಪುಟ್ ಸಿಗುತ್ತದೆ.

ಉತ್ತರವನ್ನು ಏನು ಮಾಡಬೇಕು

ಒಪ್ಪಿಕೊಂಡ ಇನ್‌ಪುಟ್ ಹಿಂದಿನದಕ್ಕಿಂತ ಬೇರೆ ಆಗಿದ್ದರೆ ಮಾತ್ರ ಕೆಲಸ ಶುರು ಮಾಡಿ. ಓದುವ ಭಾಗವನ್ನೂ ಕೆಲಸ ಮಾಡಿಸುವ ಭಾಗವನ್ನೂ ಬೇರೆ ಬೇರೆ ಇಡಿ ಅಂತ ನನ್ನ ಸಲಹೆ. ಓದುವ ಪ್ರೋಗ್ರಾಮ್ ಎಂಕ್ಯೂಟಿಟಿಗೆ (ಸಾಧನಗಳ ನಡುವೆ ಸಂದೇಶ ಹಂಚುವ ವ್ಯವಸ್ಥೆ) ಒಂದು ಸಂಖ್ಯೆ ಕಳಿಸಿ ಸುಮ್ಮನಾಗಲಿ, ಆಂಪ್ಲಿಫೈಯರ್, ದೀಪ, ಸ್ಕೇಲರ್ ಎಲ್ಲ ಅದನ್ನು ಕೇಳಿಸಿಕೊಂಡು ತಮ್ಮ ಪಾಡಿಗೆ ನಡೆಯಲಿ. ಆ ಸಂದೇಶವನ್ನು ರಿಟೇನ್ ಮಾಡಿ, ಅಂದರೆ ಕೊನೆಯದನ್ನು ಉಳಿಸಿಕೊಳ್ಳುವ ಹಾಗೆ, ಕಳಿಸಿ. ಆಗ ತಡವಾಗಿ ಆನ್ ಆದ ಸಾಧನಕ್ಕೂ ಕೊನೆಯ ಇನ್‌ಪುಟ್ ಸಿಗುತ್ತದೆ. ಅಷ್ಟೆಲ್ಲ ಬೇಡ ಅನ್ನುವವರು ಒಂದು ಸಣ್ಣ ಫೈಲ್‌ಗೆ ಬರೆದರೂ ಆಯಿತು, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡ. ರನ್ (/run) ಅನ್ನುವ ಡೈರೆಕ್ಟರಿ ಮೆಮೊರಿಯಲ್ಲೇ ಇರುತ್ತದೆ, ಅಲ್ಲಿ ಬರೆಯಿರಿ.

ಸ್ಕೇಲರ್ ಅಥವಾ ಟಿವಿಗೆ ಕಮಾಂಡ್ ಕಳಿಸುವುದಾದರೆ ಒಂದೆರಡು ಸೆಕೆಂಡ್ ತಡೆದು ಕಳಿಸಿ. ಎಲ್‌ಇಡಿ ಮೊದಲು ಬದಲಾಗುತ್ತದೆ, ಚಿತ್ರ ಆಮೇಲೆ ಬರುತ್ತದೆ. ನಡುವೆ ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಮಾತುಕತೆ ನಡೆಯುತ್ತಿರುತ್ತದೆ, ಆ ಹೊತ್ತಿನಲ್ಲಿ ಪ್ರೊಫೈಲ್ ಬದಲಿಸಿದರೆ ಕೆಲವು ಸಾಧನಗಳು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಪ್ರೋಗ್ರಾಮನ್ನು ಪೈ ಆನ್ ಆದಾಗ ತಾನೇ ಓಡುವ ಸಿಸ್ಟಮ್‌ಡಿ (systemd) ಸರ್ವಿಸ್ ಮಾಡಿ, ನಿಂತರೆ ತಾನೇ ಮತ್ತೆ ಶುರುವಾಗುವ ಹಾಗೆ ರೀಸ್ಟಾರ್ಟ್ ಆಯ್ಕೆಯನ್ನು ಆಲ್ವೇಸ್‌ಗೆ ಇಡಿ.

ಪೆಟ್ಟಿಗೆ ಮುಚ್ಚುವ ಮೊದಲು

ಪೈ ಆಫ್, ಸ್ವಿಚ್ ಆನ್: ಎಲ್‌ಇಡಿಗಳು ಮೊದಲಿನ ಹಾಗೇ ಇವೆಯಾ ನೋಡಿ. ಸ್ವಿಚ್ ಆಫ್, ಪೈ ಆನ್: ಉತ್ತರ ಸೊನ್ನೆ ಬರಬೇಕು. ಉಲ್ಟಾ ಲಾಜಿಕ್ ಲೈನಿಗೆ ನೇರ ವೈರ್ ಹಾಕಿದವರಿಗೆ ಮಾತ್ರ ಇಲ್ಲಿ ಕೆಲವೊಮ್ಮೆ ಎಲ್ಲ ಎಲ್‌ಇಡಿ ಆನ್ ಅಂತ, ಅಂದರೆ 7, ಕಾಣುತ್ತದೆ. ಪವರ್ ಇಲ್ಲದ ಚಿಪ್ ಪುಲ್-ಅಪ್ ಅನ್ನು ತನ್ನೊಳಕ್ಕೆ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಆಗ 7ನ್ನೂ ಆಫ್ ಅಂತಲೇ ತೆಗೆದುಕೊಳ್ಳಿ. ಬೇರೆ ಸಾಧನಗಳನ್ನು ಆನ್ ಆಫ್ ಮಾಡಿ ಆಟೊ ಸ್ವಿಚಿಂಗ್ ಆಡಿಸಿ, ಪ್ರತಿ ಸಲವೂ ಸಂಖ್ಯೆ ಹೊಂದುತ್ತದಾ ಅಂತ ನೋಡಿ. ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಯಾವುದೇ ಇನ್‌ಪುಟ್‌ನಲ್ಲಿ ಚಿತ್ರ ಮಿಂಚಿದರೆ, ಮಧ್ಯೆ ಮಧ್ಯೆ ಕಪ್ಪಾದರೆ ನಿಮ್ಮ ವೈರ್ ವಿಡಿಯೊ ಲೈನಿನ ಹತ್ತಿರ ಇದೆ, ದಾರಿ ಬದಲಿಸಿ.

ಒಂದು ಇನ್‌ಪುಟ್ ಮಾತ್ರ ಯಾವಾಗಲೂ ಆನ್ ಅಂತ ಬಂದರೆ ಆ ಪಿನ್‌ನ ಪುಲ್ ಸೆಟ್ಟಿಂಗ್ ನೋಡಿ. ಪೈ ಬೂಟ್ ಆಗುವಾಗ 0ಯಿಂದ 8ರವರೆಗಿನ ಜಿಪಿಐಒಗಳು ಪುಲ್-ಅಪ್‌ನಲ್ಲೂ 9ರಿಂದ 27 ಪುಲ್-ಡೌನ್‌ನಲ್ಲೂ ಇರುತ್ತವೆ, ಪಿನ್ ಬದಲಿಸಿದವರಿಗೆ ಇದು ಗೊತ್ತಿರಲಿ. ಎಲ್ಲವೂ ಉಲ್ಟಾ ಬಂದರೆ, ಅಂದರೆ ಉರಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಆನ್ ಅಂತ ಕಂಡರೆ, ಆಕ್ಟಿವ್ ಸ್ಥಿತಿ ತಿರುಗಿಸಿ. ಎಲ್ಲವೂ ಒಟ್ಟಿಗೆ ಕುಣಿಯುತ್ತಿದ್ದರೆ ಗ್ರೌಂಡ್ ವೈರ್ ಬಿಟ್ಟುಹೋಗಿದೆ.

ಎಂಟು ಇನ್‌ಪುಟ್‌ನ ಕೆಲವು ಸ್ವಿಚ್‌ಗಳಲ್ಲಿ ಎಲ್‌ಇಡಿಗೆ ಬೇರೆ ಬೇರೆ ಲೈನ್ ಇರುವುದಿಲ್ಲ. ಕಂಟ್ರೋಲರ್ ಮೂರೇ ಲೈನಿನಲ್ಲಿ ಬೈನರಿ ಸಂಖ್ಯೆ ಕಳಿಸಿ ಡಿಕೋಡರ್ ಚಿಪ್ ಮೂಲಕ ಎಂಟು ಎಲ್‌ಇಡಿ ಉರಿಸುತ್ತಿರುತ್ತದೆ. ಅಂಥದ್ದು ಸಿಕ್ಕರೆ ಎಂಟು ವೈರ್ ಬೇಡ, ಡಿಕೋಡರ್‌ಗೆ ಹೋಗುವ ಆ ಮೂರನ್ನೇ ಹಿಡಿಯಿರಿ. ಆಗ ಸಂಖ್ಯೆಯೇ ನೇರ ಉತ್ತರ, 0 ಅಂದರೆ ಮೊದಲ ಇನ್‌ಪುಟ್, 7 ಅಂದರೆ ಎಂಟನೆಯದು. ಆದರೆ ಇಲ್ಲಿ ಸೊನ್ನೆಗೂ ಆಫ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ಸ್ವಿಚ್‌ನ ಪವರ್ ಲೈನನ್ನೂ ನಾಲ್ಕನೇ ವೈರಾಗಿ, 5 ವೋಲ್ಟ್ ಆದರೆ ಅದೇ 10 ಮತ್ತು 15 ಕಿಲೋ ಡಿವೈಡರ್ ಮೂಲಕ, ಪೈಗೆ ತನ್ನಿ.